‘ಎಲ್ಲರೂ’ ಎಂಬ ಸಾಲು

ಮಿನುಗಿತು, ನೀಲಿ — ಇಲ್ಲ, ಮಿನುಗಲಿಲ್ಲ, ಅದು ಕಿಟಕಿಯಾಚೆ ಹೋದ ಯಾರದೋ ಸೈಕಲ್ಲಿನ ಹೊಳಪು ಮೇಜಿನ ಗಾಜಿನ ಮೇಲೆ ಬಿದ್ದದ್ದು, ಡ್ರೈವಿನ ದೀಪ ತನ್ನ ಪಾಡಿಗೆ ಉರಿಯುತ್ತಲೇ ಇದೆ, ಅಂಗೈಯಷ್ಟು ಕಪ್ಪು ಡಬ್ಬಿ, ಕಿವಿಗೆ ಹಿಡಿದರೆ ಒಳಗೆ ದುಂಬಿ ಸಿಕ್ಕಿಕೊಂಡಂತೆ ಸದ್ದು, ಅಂದರೆ ಜೀವ ಇದೆ, ಜೀವ ಇದೆ, ಬಾಗಿಲು ಮಾತ್ರ ತೆಗೆಯುತ್ತಿಲ್ಲ, ಈ ಫೋಲ್ಡರನ್ನು ನೋಡಲು ನಿಮಗೆ ಅನುಮತಿ ಇಲ್ಲ, ನನಗೆ, ಅನುಮತಿ ಇಲ್ಲ, ನಾನೇ ಮಾಡಿದ ಫೋಲ್ಡರು, ಬಡಗಿ ಮೇಷ್ಟ್ರ ಕೈಮಾತು ಅಂತ ನಾನೇ ಎರಡು ಸಲ ಕಾಗುಣಿತ ನೋಡಿ ಹೆಸರಿಟ್ಟದ್ದು, ಗಂಟೆ ಹತ್ತೂವರೆ, ಹನ್ನೆರಡಕ್ಕೆ ಮೇಷ್ಟ್ರು ಬರುತ್ತಾರೆ ಮಗಳ ಜೊತೆ, ಒಂದೂವರೆ ಗಂಟೆ, ಸಾಕು, ಸಾಕಾಗಬೇಕು, ಅವರು ಬಂದು ಈ ಕುರ್ಚಿಯಲ್ಲಿ ಕೂತಾಗ ನಾನು ಪರದೆ ತೋರಿಸಬೇಕೇ ಹೊರತು ಮುಖ ತೋರಿಸಬಾರದು. ಶಾಲೆಯ ದೊಡ್ಡ ಮೇಡಂ ಬೆಳಿಗ್ಗೆಯೇ ಬಾಗಿಲಲ್ಲಿ ನಿಂತು ಹೇಳಿ ಹೋದರು, ಆಗ್ದೇ ಇದ್ರೆ ಆಗಲ್ಲ ಅಂತ ಈಗ್ಲೇ ಫೋನ್ ಮಾಡಿಬಿಡೋಣಮ್ಮ, ಪಾಪ ಆ ಹುಡುಗಿ ಅಪ್ಪನ್ನ ಎರಡು ಬಸ್ ಹತ್ತಿಸಿ ಕರ್ಕೊಂಡು ಬರಬೇಕು, ಬೇಡ ಮೇಡಂ, ಬರಲಿ, ಅಂದೆ, ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ, ಇಷ್ಟು ಧೈರ್ಯದಿಂದ ನಾನು ಯಾವತ್ತೂ ಮಾತಾಡಿದವಳಲ್ಲ, ಬಾಯಿಂದ ಬಂದದ್ದು ಬಂತು, ಇನ್ನು ಅದನ್ನು ನಿಜ ಮಾಡುವುದು ನನ್ನ ಕೆಲಸ.

ಕೇಳಿಸದ ಮಕ್ಕಳ ಶಾಲೆ ಇದು, ಇಲ್ಲಿ ಗಂಟೆ ಬಾರಿಸುವುದಿಲ್ಲ, ಪ್ರತಿ ಬಾಗಿಲ ಮೇಲೂ ಒಂದು ಕೆಂಪು ದೀಪ, ಪಾಠ ಮುಗಿದರೆ ಒಮ್ಮೆ ಮಿನುಗುತ್ತದೆ, ಗೇಟಿನಲ್ಲಿ ಯಾರಾದರೂ ಗುಂಡಿ ಒತ್ತಿದರೆ ಮೂರು ಸಲ, ಹನ್ನೊಂದು ವರ್ಷದಿಂದ ಈ ಆಫೀಸಿನ ಗುಮಾಸ್ತೆ ನಾನು, ಈಗಲೂ ಮೂರನೇ ಸಲ ಮಿನುಗುವಾಗ ಮೇಜಿನ ಕಾಗದ ಸರಿಮಾಡಿಕೊಳ್ಳುತ್ತೇನೆ, ಯಾರೋ ನನ್ನ ತಪ್ಪು ಹಿಡಿಯಲು ಬಂದರೇನೋ ಅಂತ. ಬಡಗಿ ಮೇಷ್ಟ್ರು ಇಲ್ಲಿ ಮೂವತ್ತು ವರ್ಷ ಮರಗೆಲಸ ಕಲಿಸಿದರು, ಹುಟ್ಟಿನಿಂದ ಕಿವುಡರು, ಯಾವ ಪುಸ್ತಕದ ಸನ್ನೆಯೂ ಗೊತ್ತಿರಲಿಲ್ಲ, ಅವರೂ ಮಕ್ಕಳೂ ಸೇರಿ ಕಟ್ಟಿಕೊಂಡದ್ದೇ ಭಾಷೆ, ಗರಗಸ ಎಂಬುದಕ್ಕೆ ಒಂದು, ಗರಗಸದಂಥ ಮನುಷ್ಯ ಎಂಬುದಕ್ಕೆ ಬೇರೆಯೇ ಒಂದು, ನೀರು, ನೋವು, ನಾಳೆ, ನಾಚಿಕೆ, ಎರಡು ವರ್ಷ ಶನಿವಾರ ಶನಿವಾರ ಅವರ ಕೆಲಸದ ಕೋಣೆಯ ಗೋಡೆಗೆ ನೀಲಿ ಹಾಸು ಕಟ್ಟಿ, ಮರದ ಪುಡಿ ಒರೆಸಿ, ಒಂದೊಂದೇ ಮಾತು ವಿಡಿಯೊ ಮಾಡಿಕೊಂಡೆವು, ಒಂಬೈನೂರ ನಲವತ್ತು ಮಾತು. ಮುಗಿಸಿ ಆರು ತಿಂಗಳಾಗಿರಲಿಲ್ಲ, ಮಿದುಳಿಗೆ ರಕ್ತ ನಿಂತು ಅವರ ಬಲಗೈ ಬಿದ್ದುಹೋಯಿತು, ಕೈ ಮಾತ್ರ ಹೋಗಿದ್ದರೆ ಎಡಗೈ ಇತ್ತು, ಕೈಯೊಳಗಿನ ಮಾತೂ ಹೋಯಿತು, ಮಗಳು ಫೋನಿನಲ್ಲಿ ಅಳಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ, ನೀರು ಅನ್ನೋಕೂ ನೋವು ಅನ್ನೋಕೂ ಒಂದೇ ಥರ ಕೈ ಆಡಿಸ್ತಾರೆ ಅಕ್ಕ, ನೀರು ಕೊಟ್ರೆ ಲೋಟ ತಳ್ಳಿಬಿಡ್ತಾರೆ, ಎಲ್ಲಿ ನೋವು ಅಂತ ಹುಡುಕೋಷ್ಟರಲ್ಲಿ ಅವರಿಗೂ ಸಿಟ್ಟು ನನಗೂ ಸಿಟ್ಟು, ನಾನು ಮಾಡಿ ತೋರಿಸಿದ್ರೆ ನನ್ನ ಮುಖ ನೋಡ್ತಾರೆ, ಕೈ ನೋಡಲ್ಲ, ಅವರ ಕೈಯನ್ನೇ ಅವರಿಗೆ ತೋರಿಸಿ ಅಂತಾರೆ ಮತ್ತೆ ಮಾತು ಕಲಿಸೋಕೆ ಮನೆಗೆ ಬರೋ ಮೇಡಂ, ಅದೆಲ್ಲ ನಿಮ್ಮ ಹತ್ರ ಇದೆಯಲ್ಲ ಅಕ್ಕ, ಇದೆ, ಅಂದೆ, ಭದ್ರವಾಗಿದೆ. ಭದ್ರವಾಗಿದೆ! ಅದಾದ ಒಂದು ವಾರಕ್ಕೆ ಆಫೀಸಿನ ಹಳೇ ಕಂಪ್ಯೂಟರು ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿತು, ಒಳಗಿದ್ದ ಪ್ರತಿ ಅದರ ಜೊತೆಗೇ ಹೋಯಿತು, ಉಳಿದದ್ದು ಈ ಡಬ್ಬಿಯೊಂದೇ, ಈ ದುಂಬಿಯೊಂದೇ.

ರಿಪೇರಿಯವನು ನಿನ್ನೆ ಬಂದು ಕುರ್ಚಿಯಲ್ಲಿ ಪೂರ್ತಿ ಕೂರಲೂ ಇಲ್ಲ, ಅಯ್ಯೋ ಅಕ್ಕ ಇದೆಲ್ಲ ತಲೆನೋವು, ಫಾರ್ಮ್ಯಾಟ್ ಹೊಡೆದುಬಿಡಿ, ಡ್ರೈವ್ ಹೊಸದರ ಥರ ಆಗುತ್ತೆ, ಒಳಗಿರೋದು, ಅಂದೆ, ಒಳಗಿರೋದು ಹೋಗುತ್ತೆ, ಆದ್ರೆ ಡ್ರೈವ್ ಉಳಿಯುತ್ತೆ, ನೆಗಡಿ ಬಂತು ಅಂತ ಮೂಗು ಕೊಯ್ಯೋರ ಪೈಕಿ ನೀವು, ಅಂದೆ, ಅವನು ನಕ್ಕ, ನಿಮ್ಮಿಷ್ಟ, ಆಮೇಲೆ ನನಗೇ ಕೊಡ್ತೀರ, ಕೊಡುವುದಿಲ್ಲ, ಮೂಗು ನನ್ನದಲ್ಲ, ಮೇಷ್ಟ್ರದ್ದು. ಕಂಪ್ಯೂಟರ್ ಕಲಿತ ಸಂಜೆ ತರಗತಿಯ ನೋಟ್‌ಬುಕ್ ತೆಗೆದಿಟ್ಟುಕೊಂಡಿದ್ದೇನೆ, ರಟ್ಟಿನ ಮೂಲೆ ಮೆತ್ತಗಾಗಿದೆ, ಎರಡನೇ ಸಲ ಪರೀಕ್ಷೆಗೆ ಕೂತು ಪಾಸಾದವಳ ನೋಟ್‌ಬುಕ್, ತರಗತಿಯ ಸರ್ ಇಂಗ್ಲಿಷ್ ಮಾತಿಗೆಲ್ಲ ಕನ್ನಡ ಬರೆಸುತ್ತಿದ್ದರು, ಓನರ್ ಅಂದರೆ ಒಡೆಯ, ಅಲೋ ಅಂದರೆ ಅವಕಾಶ, ಡಿನೈ ಅಂದರೆ ನಿರಾಕರಣೆ, ಎವೆರಿಒನ್ ಅಂದರೆ ಎಲ್ಲರೂ, ನಾನು ಕೆಂಪು ಗೆರೆ ಎಳೆದು ಬರೆದುಕೊಂಡದ್ದು, ಬ್ಯಾಕಪ್ ಅನ್ನೋದು ತೆಗೆದು ನೋಡಿದಾಗ ಬ್ಯಾಕಪ್ಪು, ಅಲ್ಲೀವರೆಗೆ ಬರೀ ನಂಬಿಕೆ, ಎಂಬುದನ್ನೂ ಬರೆದುಕೊಂಡಿದ್ದೇನೆ, ಗೆರೆಯನ್ನೂ ಎಳೆದಿದ್ದೇನೆ, ಎಳೆದು ಏನು ಬಂತು — ಇರಲಿ, ಬೈದುಕೊಳ್ಳುವುದು ಹನ್ನೆರಡರ ಮೇಲೆ. ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ, ಪ್ರಾಪರ್ಟೀಸ್, ಸೆಕ್ಯೂರಿಟಿ, ಅಡ್ವಾನ್ಸ್ಡ್, ಒಡೆಯ ಯಾರೆಂದು ತೋರಿಸಲಾಗುತ್ತಿಲ್ಲ, ಅಲ್ಲವೇ ಮತ್ತೆ, ಒಡೆಯನೆಂದರೆ ಸುಟ್ಟುಹೋದ ಆ ಹಳೇ ಕಂಪ್ಯೂಟರು, ಸತ್ತವರು ಬಂದು ಸಹಿ ಹಾಕುತ್ತಾರೆಯೇ, ಪಕ್ಕದಲ್ಲಿ ಬದಲಾಯಿಸು ಎಂಬ ಚಿಕ್ಕ ಮಾತು, ಒತ್ತಿದೆ, ಖಾಲಿ ಚೌಕ, ಹೆಸರು ಬರೆ ಎನ್ನುತ್ತಿದೆ, ಯಾರ ಹೆಸರು, ಮೇಷ್ಟ್ರ ಕೈಗೆ ನಾನು ಒಡತಿಯೇ, ಯಾವ ಮುಖ ಇಟ್ಟುಕೊಂಡು, ಬೆರಳು ಕೀಲಿಗಳ ಮೇಲೆ ನಿಂತುಬಿಟ್ಟಿತು, ದೊಡ್ಡ ಮೇಡಮ್ಮಿನ ಹೆಸರು ಹಾಕಲೇ, ಶಾಲೆಯ ಹೆಸರು ಹಾಕಲೇ, ಹುಚ್ಚಿ, ಈ ಕಂಪ್ಯೂಟರಿಗೆ ಗೊತ್ತಿರುವುದು ನೀನೊಬ್ಬಳೇ, ಹೊಣೆ ಹೊತ್ತವಳೇ ಒಡತಿ, ಬರೆದೆ. ಒಳಗಿನ ಫೋಲ್ಡರುಗಳಿಗೂ ಅನ್ವಯಿಸು ಎಂಬಲ್ಲಿ ಗುರುತು ಹಾಕಿದೆ, ಸರಿ ಒತ್ತಿದೆ, ತಕ್ಷಣ ಹಳದಿ ತ್ರಿಕೋನ, ಒಳಗಿರುವುದನ್ನು ಓದಲು ನಿಮಗೆ ಅನುಮತಿ ಇಲ್ಲ, ಹಳೆಯ ಅನುಮತಿಗಳನ್ನೆಲ್ಲ ತೆಗೆದು ಪೂರ್ತಿ ಅಧಿಕಾರ ನಿಮಗೇ ಕೊಡಬೇಕೇ, ಪೂರ್ತಿ ಅಧಿಕಾರ ಎಂಬಲ್ಲೇ ಓದು ನಿಂತಿತು, ತೆಗೆದು ಅಂದರೆ ಏನನ್ನು ತೆಗೆದು, ಅನುಮತಿಯನ್ನೋ, ವಿಡಿಯೊಗಳನ್ನೋ, ಇಲ್ಲ ಎಂಬುದನ್ನೇ ಒತ್ತಿಬಿಟ್ಟೆ. ಪರದೆಯ ಕಿಟಕಿ ಮುಚ್ಚಿಕೊಂಡಿತು. ಹೇಡಿ.

ಹನ್ನೊಂದು ಹತ್ತು. ಎದ್ದು ನೀರು ಕುಡಿದೆ, ಬೀರುವಿನ ಬೀಗ ಜಗ್ಗಿದೆ, ಯಾಕೆ ಜಗ್ಗಿದೆನೋ, ಒಳಗೆ ಏನೂ ಇಲ್ಲ, ಡ್ರೈವು ಹೊರಗೇ ಇದೆ, ಕೈಗೆ ಅದೊಂದು ಚಾಳಿ, ಬೀಗ ಹಾಕಿ ಮೂರು ಸಲ ಜಗ್ಗದೆ ನಾನು ಮನೆಗೆ ಹೋದವಳಲ್ಲ, ಇಲ್ಲಿ ಎಲ್ಲರಿಗೂ ಸನ್ನೆಯಲ್ಲಿ ಒಂದು ಹೆಸರಿರುತ್ತದೆ, ದೊಡ್ಡ ಮೇಡಮ್ಮಿಗೆ ಮೂಗಿನ ತುದಿಗೆ ಜಾರಿದ ಕನ್ನಡಕ, ನನಗೆ ಮೇಷ್ಟ್ರು ಇಟ್ಟದ್ದು ಕೀಲಿ ತಿರುಗಿಸಿ ಗಾಳಿಯಲ್ಲಿ ಬೀಗ ಜಗ್ಗುವುದು, ಒಂದು ಎರಡು ಮೂರು, ಮೂರನೆಯದಕ್ಕೆ ಹಲ್ಲು ಕಚ್ಚಿ ಇಡೀ ಮೈಯಿಂದ ಜಗ್ಗುವರು, ಮಕ್ಕಳು ಬಿದ್ದು ಬಿದ್ದು ನಗುವರು, ಮಾತಾಡುವ ಮಾಸ್ತರುಗಳ ಬಾಯಲ್ಲಿ ಅದೇ ಬೀಗದಮ್ಮ ಆಯಿತು, ಬೀಗದಮ್ಮ ಬಂದ್ಲು, ಪೆನ್ನು ಜೋಪಾನ, ಅದಕ್ಕೂ ಬೀಗ ಹಾಕಿಬಿಡ್ತಾಳೆ. ಆದರೂ ಕೂತೆ, ಮತ್ತೆ ಬಲಗುಂಡಿ, ಪ್ರಾಪರ್ಟೀಸ್, ಸೆಕ್ಯೂರಿಟಿ — ಇರು, ಈಗ ಏನೋ ಕಾಣುತ್ತಿದೆ, ಮೊದಲು ಖಾಲಿ ಇದ್ದ ಚೌಕದಲ್ಲಿ ಪಟ್ಟಿ ಬಂದಿದೆ, ಒಡತಿಯಾದದ್ದಕ್ಕೆ ಅಷ್ಟಾದರೂ ತೋರಿಸುತ್ತಿದೆ, ಒಂದೇ ಒಂದು ಸಾಲು ಎಲ್ಲಕ್ಕಿಂತ ಮೇಲೆ, ಎವೆರಿಒನ್, ಅದರ ಮುಂದೆ ಅವಕಾಶದ ಕಡೆ ಏನೂ ಇಲ್ಲ, ನಿರಾಕರಣೆಯ ಕಡೆ ಮೇಲಿನಿಂದ ಕೆಳಗಿನವರೆಗೆ ಗುರುತು, ಗುರುತು, ಗುರುತು, ಎಲ್ಲರಿಗೂ ನಿರಾಕರಣೆ, ಯಾರಪ್ಪ ಇದನ್ನು ಮಾಡಿದವರು, ಯಾವ ಪುಣ್ಯಾತ್ಮ — ಅಯ್ಯೋ. ಅಯ್ಯೋ, ನಾನೇ. ಕೊನೆಯ ಶನಿವಾರ, ಒಂಬೈನೂರ ನಲವತ್ತೂ ಈ ಡಬ್ಬಿಗೆ ಇಳಿಸಿ ಮುಗಿದ ಮೇಲೆ, ಯಾರಾದರೂ ಬಂದು ತಿಳಿಯದೆ ಅಳಿಸಿಬಿಟ್ಟರೆ ಎಂದು ಹೆದರಿ, ನೋಟ್‌ಬುಕ್ ನೋಡಿಕೊಂಡು, ಎಲ್ಲರೂ ಎಂಬುದನ್ನು ಆರಿಸಿ, ನಿರಾಕರಣೆಯ ಚೌಕಗಳಿಗೆಲ್ಲ ಒಂದೊಂದೇ ಗುರುತು ಹಾಕಿದೆ, ಅದು ಕೇಳಿತು ಕೂಡ, ನಿರಾಕರಣೆಯೇ ಮೇಲುಗೈ ಆಗುತ್ತದೆ, ಮುಂದುವರಿಸಲೇ, ಮುಂದುವರಿಸು ಅಂದೆ, ಆಮೇಲೆ ನನ್ನ ಚಾಳಿಯಂತೆ ಜಗ್ಗಿ ನೋಡಿದೆ, ಫೋಲ್ಡರಿನ ಮೇಲೆ ಎರಡು ಸಲ ಒತ್ತಿದೆ, ತೆರೆಯಲಿಲ್ಲ, ಮತ್ತೆ ಒತ್ತಿದೆ, ತೆರೆಯಲಿಲ್ಲ, ಮೂರನೇ ಸಲವೂ ತೆರೆಯಲಿಲ್ಲ, ಬೀಗ ಗಟ್ಟಿಯಾಗಿದೆ ಎಂದು ಸಂತೋಷಪಟ್ಟು ಬಸ್ ಹಿಡಿದೆ, ದೇವರೇ, ಸಂತೋಷಪಟ್ಟೆ, ಎಲ್ಲರೂ ಅಂದರೆ ಉಳಿದವರು ಎಂದುಕೊಂಡಿದ್ದೆ, ಎಲ್ಲರೊಳಗೆ ನಾನೂ ಒಬ್ಬಳು ಎಂದು ಹೊಳೆಯಲೇ ಇಲ್ಲ.

ಮನೆಯಲ್ಲಿ ಅತ್ತಿಗೆ ದಿನಾ ಆಡುವ ಮಾತು, ಎಲ್ಲರದೂ ಊಟ ಆಯ್ತಾ, ಎಲ್ಲರದೂ ಆಯ್ತು ಅತ್ತಿಗೆ, ಆಯ್ತಾ, ನೋಡು, ನಿನ್ನ ತಟ್ಟೆ ಬೋರಲು ಹಾಕಿದ್ದು ಹಾಗೇ ಇದೆ, ಎಲ್ಲರ ಲೆಕ್ಕದಲ್ಲಿ ನೀನು ಬರಲ್ವೇನೇ, ಅಣ್ಣ ಒಳಗಿಂದ ನಗುವನು, ಅವಳು ಮನೆ ಮಂದಿ ಎಣಿಸಿದ್ರೆ ಯಾವಾಗ್ಲೂ ಒಬ್ಬರು ಕಮ್ಮಿ. ಮತ್ತೆ ಆ ಶನಿವಾರ, ಬೇರೆ ಶನಿವಾರ, ಆರುನೂರ ಹನ್ನೆರಡನೇ ಮಾತು, ನಾನು ಕ್ಯಾಮೆರಾ ಹಿಂದೆ ನಿಂತು ಸರಿಯಾಗಿ ಅರ್ಥವಾಗಿದೆಯೇ ಎಂದು ಮೊದಲು ಮಾಡಿ ತೋರಿಸಿದೆ, ಎಲ್ಲರೂ, ಕೈಯನ್ನು ಎಡಗಡೆಯ ಗಾಳಿಯಿಂದ ಬಲಗಡೆಯ ಗಾಳಿಗೆ ಬೀಸಿದೆ, ಮೇಷ್ಟ್ರು ತಲೆ ಅಲ್ಲಾಡಿಸಿದರು, ಅಲ್ಲ, ಕಿವಿಯ ಮೇಲಿನ ಪೆನ್ಸಿಲ್ ತೆಗೆದಿಟ್ಟು ಎದ್ದು ಬಂದರು, ಹಣೆಗೆ ಕೈ ಅಡ್ಡ ಹಿಡಿದು ಯಾರನ್ನೋ ಹುಡುಕತೊಡಗಿದರು, ಬೆಂಚಿನ ಕೆಳಗೆ ಬಗ್ಗಿ ನೋಡಿದರು, ಮೊಳೆಯ ಡಬ್ಬಿ ತೆಗೆದು ನೋಡಿದರು, ಅಂಟಿನ ಡಬ್ಬಿಯ ಮುಚ್ಚಳ ಎತ್ತಿ ಒಳಗೆ ಇಣುಕಿದರು, ಕೀಲಿ ತಿರುಗಿಸಿ ಜಗ್ಗಿದರು, ಒಂದು ಎರಡು ಮೂರು, ಅಂದರೆ ನಾನು, ಬೀಗದಮ್ಮ ಎಲ್ಲಿ ಹೋದಳು, ಇಷ್ಟು ಹೊತ್ತು ಇಲ್ಲೇ ಇದ್ದಳಲ್ಲ, ನಗು ತಡೆಯಲಾರದೆ ಕ್ಯಾಮೆರಾ ಅಲುಗಿತು, ಆಗ ಅವರು ನನ್ನ ಮಣಿಕಟ್ಟು ಹಿಡಿದು, ಒರಟು ಬೆರಳು, ಅಂಟು ಒಣಗಿದ ಉಗುರು, ನನ್ನ ಅಂಗೈಯನ್ನು ನನ್ನ ಎದೆಗೇ ಇಟ್ಟರು, ಇಲ್ಲಿಂದ ಶುರು, ಹೀಗೆ ಸುತ್ತು ಹಾಕು, ದೊಡ್ಡದಾಗಿ, ಬಾಗಿಲು, ಕಿಟಕಿ, ಅಂಗಳದ ಮಕ್ಕಳು, ಎಲ್ಲರನ್ನೂ ಬಳಸಿಕೊಂಡು ಬಾ, ವಾಪಸ್ ಎದೆಗೆ.

ತೆಗೆದುಹಾಕು. ಆ ಸಾಲನ್ನು ಒತ್ತಿ ಹಿಡಿದು, ತೆಗೆದುಹಾಕು, ಒತ್ತಿದೆ, ಸಾಲು ಹೋಯಿತು, ಸೇರಿಸು, ಯಾರನ್ನು, ನನ್ನನ್ನು, ಅವಕಾಶ, ಪೂರ್ತಿ, ಮೇಲಿನಿಂದ ಕೆಳಗಿನವರೆಗೆ ಗುರುತು, ಈಗ ಮತ್ತೆ ಒಡೆತನ, ಒಳಗಿನವುಗಳಿಗೂ ಅನ್ವಯಿಸು, ಸರಿ, ಬಂತು ಅದೇ ಹಳದಿ ತ್ರಿಕೋನ, ಹಳೆಯ ಅನುಮತಿಗಳನ್ನು ತೆಗೆದು ಪೂರ್ತಿ ಅಧಿಕಾರ ನಿಮಗೇ ಕೊಡಬೇಕೇ, ಈ ಸಲ ಅಕ್ಷರ ಅಕ್ಷರ ಓದಿದೆ, ತೆಗೆಯುವುದು ಅನುಮತಿಯನ್ನು, ವಿಡಿಯೊಗಳನ್ನಲ್ಲ, ಕೊಡು ಮಾರಾಯ, ಹೌದು. ಚಿಕ್ಕ ಕಿಟಕಿಯೊಂದು ತೆರೆದು ಹೆಸರುಗಳು ಓಡತೊಡಗಿದವು, ಓದಲಾಗದಷ್ಟು ಜೋರಾಗಿ, ಗರಗಸ, ಗಾಯ, ಗೆಳೆಯ, ನಾನೇ ಟೈಪ್ ಮಾಡಿದ ಹೆಸರುಗಳು, ನೀರು ಹೋಯಿತು, ನೋವು ಹೋಯಿತು, ಬೇರೆ ಬೇರೆಯಾಗಿ ಹೋದವು, ಡ್ರೈವಿನ ದೀಪ ಈಗ ನಿಜವಾಗಿ ಮಿನುಗುತ್ತಿದೆ, ದುಂಬಿಯ ಸದ್ದು ಏರಿತು, ಒಂದು ಕಡೆ ನಿಂತಿತು, ಮತ್ತೆ ಓಡಿತು, ಹನ್ನೊಂದು ನಲವತ್ತು, ಮುಗಿಯಿತು. ಫೋಲ್ಡರಿನ ಮೇಲೆ ಎರಡು ಸಲ ಒತ್ತಿದೆ. ತೆರೆಯಿತು. ಮುಚ್ಚಿ ಮತ್ತೆ ಒತ್ತಿದೆ, ತೆರೆಯಿತು, ಮೂರನೇ ಸಲ, ತೆರೆಯಿತು, ಇವತ್ತಿನವರೆಗೆ ಬೀಗ ಹಾಕಿದೆಯೇ ಎಂದು ಜಗ್ಗಿದವಳು, ತೆರೆದಿದೆಯೇ ಎಂದು ಜಗ್ಗಿದ್ದು ಇದೇ ಮೊದಲು, ನಂಬಿಕೆ ಬ್ಯಾಕಪ್ ಆಯಿತು ಸರ್, ಆದರೆ ಒಂದೇ ಪ್ರತಿ ಇಟ್ಟುಕೊಂಡು ಕೂರುವವಳಲ್ಲ ಇನ್ನು ನಾನು, ಹೊಸ ಕಂಪ್ಯೂಟರಿಗೆ ಒಂದು, ಮಗಳಿಗೆ ಪೆನ್‌ಡ್ರೈವಿನಲ್ಲಿ ಒಂದು, ಹಾಕು, ಇಳಿಯಲಿ, ಅಷ್ಟರಲ್ಲಿ ಒಂದನ್ನು ತೆಗೆದು ನೋಡಬೇಕು, ಯಾವುದನ್ನು, ಆರುನೂರ ಹನ್ನೆರಡು.

ಬಾಗಿಲ ಮೇಲೆ ಕೆಂಪು, ಒಂದು, ಎರಡು, ಮೂರು. ಹನ್ನೆರಡಕ್ಕೆ ಐದು ನಿಮಿಷ, ಕಾರಿಡಾರಿನಲ್ಲಿ ಒಂದು ಹೆಜ್ಜೆ ಸರಿ ಒಂದು ಹೆಜ್ಜೆ ಎಳೆತ, ಮಗಳ ದನಿ, ಬಂದ್ವಿ ಅಕ್ಕ, ಬಸ್ಸಲ್ಲಿ ಕಿಟಕಿ ಸೀಟಿಗೆ ಜಗಳ ಆಡಿದ್ರು ನೋಡಿ, ಮೇಷ್ಟ್ರು ಅರ್ಧ ಆಗಿದ್ದಾರೆ, ಬಲಗೈ ಸೊಂಟಕ್ಕೆ ಒತ್ತಿಕೊಂಡ ಯಾರದೋ ಮಗುವಿನಂತೆ, ನನ್ನನ್ನು ನೋಡಿದರು, ಎಡಗೈ ಮೇಲೆದ್ದಿತು, ಏನೋ ತಿರುಗಿಸಲು ಹೋಯಿತು, ಸಿಗಲಿಲ್ಲ, ಇಳಿಯಿತು, ನನ್ನ ಹೆಸರೂ ಹೋಗಿದೆ ಹಾಗಾದರೆ, ಹೋಗಲಿ, ಹುಡುಕೋಣ, ಅಂಟಿನ ಡಬ್ಬಿಯಲ್ಲಾದರೂ ಹುಡುಕೋಣ, ಕೂರಿ ಮೇಷ್ಟ್ರೇ, ಪರದೆಯನ್ನು ಅವರ ಕಡೆ ತಿರುಗಿಸಿ ಒತ್ತಿದೆ, ನೀಲಿ ಹಾಸು, ಕಿವಿಯ ಮೇಲೆ ಪೆನ್ಸಿಲ್ಲು, ಬಲಗೈ, ಗಟ್ಟಿ, ಪೂರ್ತಿ, ಎದೆಯಿಂದ ಹೊರಟಿತು, ಸುತ್ತಿತು, ಎದೆಗೆ ಬಂತು, ಮುಗಿಯಿತು, ಮತ್ತೆ ಒತ್ತಿದೆ, ಎದೆಯಿಂದ, ಸುತ್ತಿ, ಎದೆಗೆ, ಮಗಳು ಅವರ ಮುಖ ನೋಡುತ್ತಿದ್ದಾಳೆ, ಅವರು ಮಗಳನ್ನು ನೋಡುತ್ತಿಲ್ಲ, ನನ್ನನ್ನು ನೋಡುತ್ತಿಲ್ಲ, ಕೈಯನ್ನು ನೋಡುತ್ತಿದ್ದಾರೆ, ಮೂರನೇ ಸಲ ಒತ್ತಿದೆ, ಎಡಗೈ ಎದೆಯ ಮೇಲೆ ಬಂದು ಕೂತಿತು, ಕೂತೇ ಇತ್ತು, ಎದ್ದಿತು, ನಡುಗುತ್ತ ಮಗಳನ್ನು ದಾಟಿತು, ಬಾಗಿಲನ್ನು ದಾಟಿತು, ನನ್ನ ಎದುರಿಗೆ ಬಂದು ಗಾಳಿಯಲ್ಲಿ ನಿಂತುಬಿಟ್ಟಿತು, ಮುಂದೆ ಎಲ್ಲಿಗೆ, ಗೊತ್ತಿಲ್ಲ ಅದಕ್ಕೆ, ನಿಂತಿದೆ, ಪರದೆಯ ಮೇಲಿನ ಕೈ ಸುತ್ತು ಮುಗಿಸಿ ಹೋಗುತ್ತಿದೆ, ಎದೆಗೆ, ನೋಡಿ ಮೇಷ್ಟ್ರೇ, ಎದೆಗೆ, ನಿಂತ ಎಡಗೈ ಒಂದಿಷ್ಟು ಬಾಗಿತು, ಇನ್ನೊಂದಿಷ್ಟು, ಎದೆಗೆ