ಮೋಟು ಕೂದಲಿನ ಫೋಟೋ

ಹೂತ್ಸು ಕೂದಲು ಕತ್ತರಿಸಿಕೊಂಡಿದ್ದು ಸುಳ್ಳು ದುಃಖಕ್ಕೆ. ಎರಡು ವರ್ಷದ ಕೆಳಗೆ ದೊಡ್ಡ ಮಗಳು ಬೋರ್ಡಿಂಗ್ ಶಾಲೆಗೆ ಹೋಗಿ, ದಡಾರ ಬಂದು ಹೆಣವಾಗಿ ಮರಳಿದ್ದಳು. ಚಿಕ್ಕವಳನ್ನೂ ಕೊಡಲು ಅವಳೇನು ಕಲ್ಲೇ? ಅವಳೂ ಜ್ವರದಲ್ಲಿ ಸತ್ತಳೆಂದು, ಮಕ್ಕಳನ್ನು ಶಾಲೆಗೆ ಎಳೆದೊಯ್ಯುವ ಬಿಳಿ ಸರ್ಕಾರದ ಏಜೆಂಟನ ಆಫೀಸಿನಲ್ಲಿ ಬರೆಸಿ ಬಂದಳು. ನಾವು ಕೊಮಾಂಚಿಗಳು ಸತ್ತವರಿಗಾಗಿ ಕೂದಲು ಕತ್ತರಿಸಿಕೊಳ್ಳುತ್ತೇವೆ, ಅವರ ಹೆಸರು ನಾಲಿಗೆಯ ಮೇಲೆ ತರುವುದಿಲ್ಲ, ಹಾಗಾಗಿ ಯಾರೂ ಕೆದಕಲಿಲ್ಲ. ಹುಡುಗಿ ಹೊಳೆಯಾಚೆ ಅಜ್ಜಿಯ ಗುಡಾರದಲ್ಲಿ ಗುಂಡುಕಲ್ಲಿನಂತೆ ಇದ್ದಳು.

ಆ ಹಾಳು ಫೋಟೋದವನು ಬರದಿದ್ದರೆ ಎಲ್ಲ ಸರಿಯಿತ್ತು. ಅದೇ ಗುಡಾರದ ಮುಂದೆ ಹೂತ್ಸುವನ್ನು ನಿಲ್ಲಿಸಿ, ಕರೀ ಬಟ್ಟೆಯೊಳಗೆ ತಲೆ ತೂರಿಸಿದ್ದ. ಅವನು ನಿಲ್ಲಿಸಿದವರಷ್ಟೇ ಚಿತ್ರದಲ್ಲಿ ಬೀಳುತ್ತಾರೆಂದು ಇವಳ ನಂಬಿಕೆ. ಈಗ, ಪಡಿ ಕೊಡುವ ದಿನ, ಅಂಗಡಿಯ ಗೋಡೆಯ ಮೇಲೆ ಅದೇ ಫೋಟೋ. ಇವಳ ಬೆನ್ನ ಹಿಂದೆ, ಗುಡಾರದ ಬಾಗಿಲಲ್ಲಿ, ಹುಡುಗಿ ಹಲ್ಲು ಕಿರಿಯುತ್ತ ನಿಂತಿದ್ದಾಳೆ.

ಹೂತ್ಸು ಫೋಟೋದತ್ತ ಕೈ ಚಾಚಿದಳು. ಕಿತ್ತುಕೊಂಡು ಓಡಲೇ ಎಂದುಕೊಳ್ಳುವಷ್ಟರಲ್ಲಿ ಏಜೆಂಟ್ ಒಳಗೆ ಬಂದ, ಜೊತೆಗೆ ನಮ್ಮವನೇ ಆದ ದುಭಾಷಿ ಎಕಾಮೂರಾ. ಏಜೆಂಟ್ ಫೋಟೋ ನೋಡಿದ, ಇವಳನ್ನು ನೋಡಿದ, ಹುಬ್ಬು ಗಂಟಿಕ್ಕಿ ಏನೋ ಕೇಳಿದ.

"ಹಿಂದಿರೋ ಹುಡುಗಿ ಯಾರು ಅಂತಿದಾನೆ," ಎಂದ ಎಕಾಮೂರಾ.

ಹೂತ್ಸು ಅವನತ್ತ ತಿರುಗಿದಳು. "ಅಣ್ಣಾ, ನಿಂಗೆ ಗೊತ್ತಲ್ಲ."

"ಗೊತ್ತು, ಅದಕ್ಕೇ ಅಳಬೇಡ. ಅಲ್ಲ, ತಡಿ, ಅಳು. ಅದೇ ಒಳ್ಳೇದು."

ಅಳು ಹೇಗೂ ಬಂದಿತ್ತು. ಎಕಾಮೂರಾ ಏಜೆಂಟನ ಕಡೆ ತಿರುಗಿ ಏನೇನೋ ಹೇಳಿದ, ಫೋಟೋದಲ್ಲಿದ್ದ ಇವಳ ಮೋಟು ಕೂದಲನ್ನು ಬೆರಳಿಟ್ಟು ತೋರಿಸಿದ. ಏಜೆಂಟ್ ಬಹಳ ಹೊತ್ತು ನೋಡಿದ. ಕೊನೆಗೆ ತಲೆಯಾಡಿಸಿ, ಹೊಗೆಸೊಪ್ಪು ಕೊಂಡು ಹೊರಟುಹೋದ.

"ಏನಂದೆ?"

"ಶಾಯೆನ್ ಕುಲಕ್ಕೆ ಕೊಟ್ಟಿರೋ ನಿನ್ನ ತಂಗಿ ಮಗಳು ಅಂದೆ. ಸಾವಿಗೆ ಬಂದಿದ್ಲು, ಹೋದ್ಲು. ತಾಯಿ ಕೂದಲು ನೋಡಿ ಸ್ವಾಮಿ, ಫೋಟೋ ತೆಗೆಯೋ ಹೊತ್ತಿಗೇ ಮಗಳು ಸತ್ತಿದ್ಲಲ್ಲ ಅಂದೆ." ದನಿ ತಗ್ಗಿಸಿದ. "ಇನ್ಮೇಲೆ ಹುಡುಗಿ ಹೆಸರು ಮನೆಯೊಳಗೂ ಎತ್ತಬೇಡ ತಂಗಿ. ಒಂದ್ಸಲ ಅವನ ಕಿವಿಗೆ ಬಿದ್ರೆ ಮುಗೀತು."

"ನಮ್ಮಪ್ಪ ಇಟ್ಟ ಹೆಸರು."

"ಗೊತ್ತು."

ಹಿಟ್ಟಿನ ಚೀಲ ಹೊತ್ತು ಅವಳು ಹೊಳೆ ದಾಟಿದಳು. ಹುಡುಗಿ ಅತ್ತ ಮುಖ ಮಾಡಿ ನಾಯಿಯ ಜೊತೆ ಆಡುತ್ತಿದ್ದಳು. ಬಾಯಿಗೆ ಬಂದ ಹೆಸರನ್ನು ಹೂತ್ಸು ನುಂಗಿಕೊಂಡಳು.

"ಏ ಹುಡುಗೀ, ಬಾ ಇಲ್ಲಿ."

ಹುಡುಗಿ ತಿರುಗಿ, ಅಮ್ಮ ಯಾರನ್ನು ಕರೆಯುತ್ತಿದ್ದಾಳೆಂದು ಸುತ್ತ ನೋಡಿದಳು.