ತಲೆ ಮುಳುಗಿದ ಸ್ಕ್ರೂ

ನನ್ನ ಮೈದುನನಿಗೆ ಗುದ್ದಣ್ಣ ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ. ಮನೆಯ ಗೋಡೆಗೆಂದು ತೆಳು ಉಕ್ಕಿನ ಚೌಕಟ್ಟಿಗೆ ಬೋರ್ಡು ಕೂರಿಸುವಾಗ ಅವನು ಸ್ಕ್ರೂ ತಿರುಗಿಸುತ್ತಿರಲಿಲ್ಲ, ಮಷೀನಿನಿಂದ ಗುದ್ದುತ್ತಿದ್ದ. ಸ್ಕ್ರೂವಿನ ತಲೆ ಬೋರ್ಡಿನೊಳಗೆ ಮುಳುಗಬೇಕು, ಅಂಗೈ ಸವರಿದರೆ ಎಲ್ಲೂ ತಗಲಬಾರದು, ಅದೇ ಅವನ ಹೆಮ್ಮೆ. ಬಣ್ಣ ಬಳಿಯುವವರಂತೂ ಅವನನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದರು. ತಲೆ ಬೋರ್ಡಿನ ಮೈಗೆ ಸಮ ನಿಲ್ಲಬೇಕು, ಒಳಗಿಳಿದರೆ ಹಿಡಿತ ಹೋಗುತ್ತದೆ ಎಂದು ನಾನು ಬಾಯಿ ಬಡಿದುಕೊಂಡೆ. ಅತ್ತಿಗೆಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಕ್ಕ.

ಕೋಪ ಇರುವುದು ನಿಜ. ಎಷ್ಟು ಗಾಳಿ ತಡೆಯುತ್ತವೆ ಎಂದು ಗೋಡೆಗಳನ್ನು ಮುರಿದು ನೋಡುವುದೇ ನನ್ನ ಕೆಲಸ. ನಮ್ಮ ಪರೀಕ್ಷೆಯ ಶೆಡ್ಡಿಗೆ ಮನೆ ಕಟ್ಟಿದವನೇ ಮಾದರಿ ಗೋಡೆ ಮಾಡಿ ತರಬೇಕು, ಅದು ಮುರಿಯುವಾಗ ಎದುರೇ ನಿಂತಿರಬೇಕು. ಸಂಜೆಗೆ ಬಿರುಗಾಳಿ ಎಂದು ರೇಡಿಯೋ ಒದರುತ್ತಿದ್ದ ದಿನ ಗುದ್ದಣ್ಣ ತನ್ನ ಗೋಡೆ ತಂದು ನಿಲ್ಲಿಸಿದ. ತಾನು ಕಟ್ಟಿದ ಸಾಲುಮನೆಗಳ ಗೋಡೆಯೂ ಥೇಟ್ ಇದೇ ಎಂದ. ಆ ಸಾಲಿನ ಮೊದಲ ಮನೆಯಲ್ಲಿ ನನ್ನ ಅತ್ತೆ, ಅಂದರೆ ಅವನ ತಾಯಿ, ಒಬ್ಬರೇ ಇದ್ದರು.

ಜಾಕ್ ನಡೆಸುವವನು ಗೋಡೆಯ ನೆತ್ತಿಯನ್ನು ಪಕ್ಕಕ್ಕೆ ತಳ್ಳತೊಡಗಿದ. ಚೌಕಟ್ಟು ವಾಲಿತು, ಬೋರ್ಡು ವಾಲಲು ಒಪ್ಪಲಿಲ್ಲ. ಆ ಜಗಳವೆಲ್ಲ ಸ್ಕ್ರೂಗಳ ಪಾಲಿಗೆ ಬಂತು. ತಡೆಯಬೇಕಾದ ಒತ್ತಡದ ಅರ್ಧಕ್ಕೇ ಮೂಲೆಯ ಸ್ಕ್ರೂ ಓರೆಯಾಯಿತು, ಅದರ ತಲೆ ಬೋರ್ಡನ್ನು ಸೀಳಿತು. ಆಮೇಲೆ ಅದರ ಕೆಳಗಿನದು, ಅದರ ಕೆಳಗಿನದು, ಪಟಪಟನೆ. ಬೋರ್ಡು ಕಿತ್ತುಬಂದು ನೆಲಕ್ಕೆ ಅಪ್ಪಳಿಸಿತು. ಸ್ಕ್ರೂಗಳು ಮಾತ್ರ ಉಕ್ಕನ್ನು ಕಚ್ಚಿಕೊಂಡು ಹಾಗೇ ಇದ್ದವು.

“ಬೇಕಂತಲೇ ಜಾಸ್ತಿ ತಳ್ಳಿದೆ ನೀನು,” ಎಂದು ಗುದ್ದಣ್ಣ ಜಾಕಿನವನ ಕೊರಳಪಟ್ಟಿ ಹಿಡಿದು ಕಂಬಕ್ಕೆ ಬಡಿದ. ಮತ್ತೆ ಬಡಿದ. ಹುಬ್ಬು ಒಡೆದು ರಕ್ತ ಇಬ್ಬರ ಅಂಗಿಗೂ ಚಿಮ್ಮಿತು. ಬಿಡು ಎಂದೆ, ಬಿಡಲಿಲ್ಲ. ಕೈಗೆ ಸಿಕ್ಕ ಸ್ಪ್ಯಾನರಿನಿಂದ ಮೈದುನನ ಮಣಿಕಟ್ಟಿಗೆ ಬಾರಿಸಿದೆ. ನಿಜ ಹೇಳಬೇಕೆಂದರೆ ನನಗೆ ಹಿತವೆನಿಸಿತು.

“ಸಂಜೆ ಗಾಳಿ ಬರತ್ತೆ. ನಿಮ್ಮಮ್ಮ ಆ ಗೋಡೆ ಪಕ್ಕ ಕೂತಿದಾರೆ. ಹೊಡೆದಾಡೋದಿದ್ರೆ ಆಮೇಲೆ ಹೊಡೆದಾಡು.”

ಅವನು ಕೊರಳಪಟ್ಟಿ ಬಿಟ್ಟ. ಇಬ್ಬರೂ ಓಡಿದೆವು. ಬೀದಿ ತಲುಪುವಷ್ಟರಲ್ಲಿ ಗಾಳಿ ಎದ್ದು ಧೂಳು ಕಣ್ಣಿಗೆ ನುಗ್ಗುತ್ತಿತ್ತು.

ಮನೆ ಬಿಟ್ಟು ಹೊರಡಿ ಎಂದರೂ ಅತ್ತೆ ಕುರ್ಚಿ ಬಿಟ್ಟು ಏಳಲಿಲ್ಲ. “ಯಾಕೆ ಹೋಗ್ಬೇಕು? ನನ್ನ ಮಗ ಕಟ್ಟಿದ ಮನೆ ಇದು. ಹೋದ್ರೆ ನನ್ನ ಹೆಣ ಹೋಗ್ಬೇಕು ಇಲ್ಲಿಂದ.”

“ಅಮ್ಮ, ಏಳು. ಗೋಡೆ ನಿಲ್ಲಲ್ಲ.”

“ನಿಮ್ಮ ಅತ್ತಿಗೆ ತಲೆಗೆ ತುಂಬಿದ ಮಾತು ತಾನೆ ಇದು?”

ಗುದ್ದಣ್ಣ ಸೊಂಟದ ಸುತ್ತಿಗೆ ಎಳೆದು ಅವರ ತಲೆಯ ಪಕ್ಕದ ಗೋಡೆಗೆ ಬೀಸಿದ. ಅತ್ತೆ ಕಿರುಚಿದರು. ಬೋರ್ಡಿನ ಅಂಚಿಗೆ ಸುತ್ತಿಗೆಯ ಕೊಕ್ಕೆ ಸಿಕ್ಕಿಸಿ ಎಳೆದ, ಮೂಲೆ ಬಿಟ್ಟಿತು. ಉಳಿದದ್ದಕ್ಕೆ ಸುತ್ತಿಗೆಯೇ ಬೇಕಾಗಲಿಲ್ಲ. ಊದಿಕೊಂಡ ಕೈಯಿಂದಲೇ ಇಡೀ ಬೋರ್ಡು ಕಿತ್ತು ಅವರ ಕಾಲ ಬಳಿ ಎಸೆದ.

ಅತ್ತೆ ಎದ್ದು ಅವನ ಕೆನ್ನೆಗೆ ಬಾರಿಸಿದರು. ಇನ್ನೊಂದು ಕೆನ್ನೆಗೂ. ಅವನು ಕೈ ಅಡ್ಡ ತರಲಿಲ್ಲ.

“ಮಿಕ್ಕ ಮನೆಗಳು?” ಎಂದರು. ಅವನು ಸುತ್ತಿಗೆ ಹಿಡಿದು ಬಾಗಿಲತ್ತ ತಿರುಗಿದ. “ಪಕ್ಕದ ಮನೇಲಿ ಹಸುಗೂಸಿದೆ ಕಣೋ.”

ತಟ್ಟಿದ್ದಕ್ಕೆ ಪಕ್ಕದ ಮನೆಯವನು ಬಾಗಿಲು ತೆರೆದ. ಗುದ್ದಣ್ಣನ ಅಂಗಿಯ ಮೇಲಿನ ರಕ್ತ, ಕೈಯಲ್ಲಿನ ಸುತ್ತಿಗೆ ನೋಡಿ ತೆರೆದಷ್ಟೇ ಬೇಗ ಮುಚ್ಚಿ ಚಿಲಕ ಹಾಕಿಕೊಂಡ.

“ಆಚೆ ಬನ್ನಿ. ಗೋಡೆ ನಿಲ್ಲಲ್ಲ. ನಾನೇ ಕಟ್ಟಿದ್ದು, ನಂಗೊತ್ತು,” ಎಂದು ಗುದ್ದಣ್ಣ ಅಳುತ್ತಾ ಕೂಗಿದ. ಪೊಲೀಸರಿಗೆ ಫೋನ್ ಮಾಡುತ್ತೇನೆ ಎಂದು ಒಳಗಿನಿಂದ ಉತ್ತರ ಬಂತು. ಕೂಸು ಅಳುವುದೂ ಕೇಳಿಸಿತು. ಬೀದಿಯ ಕೊನೆಯಲ್ಲಿ ಯಾವುದೋ ತಗಡು ಹಾರಿ ಕಂಬಕ್ಕೆ ಬಡಿಯಿತು.

ಗುದ್ದಣ್ಣ ಸುತ್ತಿಗೆ ಎತ್ತಿ ಬಾಗಿಲು ಒಡೆಯತೊಡಗಿದ. ನಾನು ಕಿಟಕಿ ಒಡೆಯಲು ಕಲ್ಲು ಹುಡುಕಿದೆ.