ರಟ್ಟಿನ ರಾಯರ ಬಿಚ್ಚದ ಡಬ್ಬಿಗಳು

ಆನೆ ಹೋಗುವಷ್ಟು ಅಗಲವಾದ ರಸ್ತೆಯಲ್ಲೂ ರಟ್ಟಿನ ರಾಯರು ಅಡ್ಡಡ್ಡವಾಗಿಯೇ ನಡೆಯುತ್ತಿದ್ದರು. ಎಡಭುಜ ಮುಂದೆ, ಬಲಭುಜ ಹಿಂದೆ, ಹೊಟ್ಟೆಯನ್ನು ಉಸಿರಿನೊಡನೆ ಒಳಗೆಳೆದುಕೊಂಡು, ಯಾವುದೋ ಅದೃಶ್ಯ ಗೋಡೆಗೆ ಮೈ ತಾಗದಂತೆ ಸಾಗುವ ಆ ನಡಿಗೆಯ ಮರ್ಮ ತಿಳಿಯಬೇಕಾದರೆ ಅವರ ಮನೆಯೊಳಗೆ ಒಮ್ಮೆ ಕಾಲಿಡಬೇಕಿತ್ತು. ಎರಡು ಪುಟ್ಟ ಕೋಣೆ, ಒಂದು ಅಡುಗೆಮನೆ. ಇವುಗಳ ನಡುವಿನ ಓಣಿಯಂಥ ಹಾದಿಯ ಎರಡೂ ಮಗ್ಗುಲಿಗೆ, ನೆಲದಿಂದ ಸೂರಿನವರೆಗೆ, ಆಟಿಕೆಗಳ ರಟ್ಟಿನ ಡಬ್ಬಿಗಳು. ತಗಡಿನ ರೈಲು, ಡೋಲು ಬಡಿಯುವ ಕರಡಿ, ಕೀಲಿ ಕೊಟ್ಟರೆ ಲಾಗ ಹಾಕುವ ಕೋತಿ, ಎಲ್ಲವೂ ಅಂಗಡಿಯಿಂದ ಬಂದಾಗಿನ ಅಂಟನ್ನು ಬಿಡದೆ, ಮೈಮೇಲಿನ ಚಿತ್ರದಿಂದಷ್ಟೇ ತಮ್ಮ ಪರಿಚಯ ಹೇಳಿಕೊಳ್ಳುತ್ತ ಕುಳಿತಿದ್ದವು.

ವೃತ್ತಿಯಿಂದ ಅವರು ತಕ್ಕಡಿ, ತೂಕದ ಯಂತ್ರಗಳ ರಿಪೇರಿಯವರು. ಹಿತ್ತಾಳೆಯ ತೂಕದ ಕಲ್ಲುಗಳು ಸದಾ ಬಲಜೇಬಿನಲ್ಲಿ ಇರುತ್ತಿದ್ದುದರಿಂದ ಅವರ ಬೂದುಬಣ್ಣದ ಕೋಟು ಒಂದೇ ಕಡೆಗೆ ಜೋತುಬಿದ್ದಿತ್ತು. ಊರಿನ ತಕ್ಕಡಿಗಳ ಮುಳ್ಳನ್ನೆಲ್ಲ ನೆಟ್ಟಗೆ ನಿಲ್ಲಿಸುವ ಈ ಮಹಾಶಯರ ಮನಸ್ಸಿನ ಮುಳ್ಳು ಮಾತ್ರ ಎಂದೂ ಒಂದೆಡೆ ನಿಂತದ್ದಿಲ್ಲ. ಏನು ಕೇಳಿದರೂ "ಒಂದು ಲೆಕ್ಕಕ್ಕೆ ಸರಿ" ಎಂದು ಶುರುಮಾಡಿ, ಗಲ್ಲ ಕೆರೆದುಕೊಂಡು, "ಇನ್ನೊಂದು ಲೆಕ್ಕಕ್ಕೆ ನೋಡಿದ್ರೆ..." ಎಂದು ನಿಲ್ಲಿಸಿಬಿಡುವರು. ಆ ಎರಡನೆಯ ಲೆಕ್ಕ ಏನೆಂಬುದು ಕೈಹಿಡಿದ ಹೆಂಡತಿಗೂ ತಿಳಿದಿರಲಿಲ್ಲ.

ಒಮ್ಮೆ ಕಿಟಕಿಯ ಎದುರು ಹಲಗೆ ಹೊಡೆಸಿ ಚೆಂದದ ಡಬ್ಬಿಗಳನ್ನು ಸಾಲಾಗಿ ಜೋಡಿಸಿದರು. ಬಿಸಿಲಿಗೆ ಬಣ್ಣ ಮಾಸೀತೆಂದು ಮರುದಿನ ಅವುಗಳ ಮುಖವನ್ನು ಗೋಡೆಗೆ ತಿರುಗಿಸಿದರು. ಬಂದವರಿಗೆ ಬರಿಯ ಬೆನ್ನು ಕಾಣುತ್ತದಲ್ಲ ಎಂದು ನೊಂದು, ಮತ್ತೆ ತಿರುಗಿಸಿ, ಕಿಟಕಿಯನ್ನೇ ಮುಚ್ಚಿದರು. ಹಗಲಲ್ಲೂ ದೀಪ ಹಾಕಬೇಕಾಗಿ ಬಂದ ಹೆಂಡತಿ, "ರೀ, ಈ ಮನೇಲಿ ಸಂಸಾರ ಮಾಡ್ತಿರೋದು ಡಬ್ಬಿಗಳು. ನಾವು ಬಂದುಹೋಗೋ ನೆಂಟರು ಅಷ್ಟೆ" ಎಂದರು.

ಹೀಗಿರುವಾಗ ರಾಯರನ್ನು ಎತ್ತಿ ಆಡಿಸಿದ ಅಕ್ಕ ಜಾರಿಬಿದ್ದು ಸೊಂಟ ಮುರಿದುಕೊಂಡರು. ತಮ್ಮನ ಹೊರತು ಬೇರೆ ದಿಕ್ಕಿಲ್ಲದ ಆಕೆ ಆಸ್ಪತ್ರೆಯಿಂದ ನೇರವಾಗಿ ಇವರ ಮನೆಗೆ ಬರುವುದೆಂದಾಯಿತು. ಡಾಕ್ಟರು ಕೊಟ್ಟ ನಾಲ್ಕು ಕಾಲಿನ ವಾಕರ್ ಅಡ್ಡಡ್ಡವಾಗಿ ನಡೆಯಲಾರದು; ಹಾದಿ ತೆರವಾಗಲೇಬೇಕು. ಹೆಂಡತಿಯ ಉಪಾಯ ಸರಳವಾಗಿತ್ತು: ಆಟಿಕೆಗಳನ್ನು ಹೊರಗೆ ತೆಗೆದು ಹಲಗೆಯ ಮೇಲಿಡುವುದು, ಡಬ್ಬಿಗಳನ್ನು ಮಡಚಿ ಹಾಸಿಗೆಯ ಕೆಳಗೆ ಸೇರಿಸುವುದು. ರಾಯರು ಬ್ಲೇಡು ಹಿಡಿದು ಕೂತರು. ಎತ್ತಿದರು, ಇಳಿಸಿದರು. ತಾವು ಇಷ್ಟು ಕಾಲ ಕೂಡಿಟ್ಟದ್ದು ಆಟಿಕೆಯನ್ನೋ ಡಬ್ಬಿಯನ್ನೋ ಎಂಬ ಪ್ರಶ್ನೆ ಮೊದಲ ಬಾರಿಗೆ ಹುಟ್ಟಿ, ತಲೆ ಕಲಸಿದಂತಾಯಿತು.

ಅಕ್ಕ ಬಂದಾಗಲೂ ಅವರು ಹಾಗೆಯೇ ಕೂತಿದ್ದರು. ಒಳಗೆ ಹೋಗಲು ದಾರಿಯಿಲ್ಲದೆ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡ ಆಕೆ, "ಕೊಡೋ ಇಲ್ಲಿ, ನಾನೇ ಬಿಚ್ತೀನಿ" ಎಂದು ಕರಡಿಯ ಡಬ್ಬಿಯನ್ನು ಕಿತ್ತುಕೊಂಡು ಉಗುರಿನಿಂದಲೇ ಅಂಟು ಎಬ್ಬಿಸಿದರು. ಒಳಗಿಂದ ಮುದ್ದೆಯಾದ ಹಳೆಯ ಕಾಗದ ಬಂತು. ಮತ್ತಷ್ಟು ಕಾಗದ ಬಂತು. ಆಮೇಲೆ ಏನೂ ಬರಲಿಲ್ಲ.

"ಲೋ, ಕರಡಿ ಎಲ್ಲೋ?"

ರಾಯರು ಡಬ್ಬಿಯನ್ನು ಬೋರಲು ಹಾಕಿ ಕೊಡವಿದರು. ಮಾರಿದವನು ಮೋಸ ಮಾಡಿದನೋ, ತಯಾರಿಸಿದವರು ಮರೆತರೋ? ಆ ಅಂಗಡಿಯೇ ಈಗಿಲ್ಲ. ಮಿಕ್ಕವುಗಳಲ್ಲಿ ಎಷ್ಟು ಹೀಗಿವೆ?

"ತೂಗಿ ನೋಡಿ. ನಿಮ್ಮ ಕೆಲಸಾನೇ ಅದಲ್ವಾ?" ಎಂದರು ಹೆಂಡತಿ.

ರಾಯರ ರಿಪೇರಿ ಅಂಗಡಿಯಿಂದ ತೂಕದ ಯಂತ್ರ ಬಂತು. ರಾಯರು ಅದರ ಮೇಲೆ ರೈಲಿನ ಡಬ್ಬಿಯನ್ನಿಟ್ಟರು. ಇಟ್ಟವರೇ ಮುಳ್ಳಿನ ಮೇಲೆ ಅಂಗೈ ಮುಚ್ಚಿದರು.

"ಕೈ ತೆಗಿಯೋ."

"ಬೇಡ ಅಕ್ಕ. ಒಳಗೆ ರೈಲು ಇದ್ರೆ, ಇಷ್ಟು ದಿನ ಯಾಕೆ ಆಡ್ಲಿಲ್ಲ ಅನ್ಸುತ್ತೆ. ಇಲ್ದಿದ್ರೆ, ಏನನ್ನ ಕಾದೆ ಅನ್ಸುತ್ತೆ."

"ಹಾಗಾದ್ರೆ ಇರಲಿ ಬಿಡು" ಎಂದರು ಅಕ್ಕ. "ಆದ್ರೆ ನನಗೆ ಬಚ್ಚಲಿಗೆ ಹೋಗಬೇಕು ಕಣೋ."

ಆ ಒಂದು ಮಾತಿಗೆ ಎರಡನೆಯ ಲೆಕ್ಕವಿರಲಿಲ್ಲ. ರಾಯರು ಎದ್ದು, ಕೋಟು ಕಳಚಿ, ತೋಳತುಂಬ ಡಬ್ಬಿಗಳನ್ನು ಹೊತ್ತು ತಮ್ಮ ಮಂಚದ ಮೇಲೆ ಪೇರಿಸತೊಡಗಿದರು. ಸಂಜೆಯ ಹೊತ್ತಿಗೆ ಹಾದಿ ಬರಿದಾಗಿ, ಮಂಚ ಬೆಟ್ಟವಾಯಿತು. "ಅದು ನನ್ನ ಮಂಚಾನೂ ಹೌದು ಕಣ್ರೀ" ಎಂದು ಗೊಣಗುತ್ತ ಹೆಂಡತಿ ಅಕ್ಕನ ಕೋಣೆಗೆ ಹಾಸಿಗೆ ಒಯ್ದರು. ರಾಯರು ನಡುಹಾದಿಯಲ್ಲೇ ಚಾಪೆ ಹಾಸಿಕೊಂಡರು. ಅಂದಿನಿಂದ ಪ್ರತಿ ಬೆಳಗ್ಗೆ ಅಕ್ಕ ವಾಕರಿನ ತುದಿಯಿಂದ ಅವರ ಪಕ್ಕೆ ತಿವಿದು, "ಏಳೋ, ದಾರಿ ಬಿಡು" ಎನ್ನುತ್ತಾರೆ.

ಕೂಡಿಡುವವರನ್ನು ಲೋಭಿಗಳೆಂದು ಕರೆಯುವುದು ಲೋಕರೂಢಿ. ಲೋಭಿಯಾದರೋ ತನ್ನ ಗಂಟನ್ನು ಬಿಚ್ಚಿ ನೋಡಿ ಹಿಗ್ಗುತ್ತಾನೆ. ಈ ಜಾತಿಯವರು ಬಿಚ್ಚಲೂ ಹೆದರುತ್ತಾರೆ. ತಮ್ಮ ಪಾಲಿನ ಸುಖವನ್ನು ಮುಂದೆಂದಿಗೋ ಎತ್ತಿಟ್ಟು, ಅದು ಇದೆಯೋ ಇಲ್ಲವೋ ಎಂಬ ಗೊಂದಲದಲ್ಲೇ ಆಯುಷ್ಯ ಸವೆಸುತ್ತಾರೆ. ಅವರ ಬಾಳಿನ ತಿರುಳೇನೆಂದು ನಮಗೆ ತಿಳಿಯದು, ಅವರಿಗೂ ತಿಳಿದಂತಿಲ್ಲ. ಆದರೆ ಮನುಷ್ಯರೊಬ್ಬರು ಬಾಗಿಲಿಗೆ ಬಂದು ನಿಂತಾಗ, ತಾವು ನೆಲಕ್ಕಿಳಿದಾದರೂ ಜಾಗ ಮಾಡಿಕೊಡುವವರು ಹೆಚ್ಚಾಗಿ ಇವರೇ.